ಡ್ರಿಪ್ಪಿನ ದಿನ

ನಮ್ಮ ಮನೆಗೆ ಇಬ್ಬರು ಸೊಸೆಯರು. ನಾನು ಚಿಕ್ಕವಳು. ದೊಡ್ಡವರು ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಉಲ್ಲಾಳದಲ್ಲಿ ಒಂದೇ ಮನೆ, ಒಂದೇ ಅಡುಗೆಮನೆ. ಓರಗಿತ್ತಿಯರು ಅಂದರೆ ಜಗಳ ಅಂತ ಜನ ಅಂದುಕೊಳ್ಳುತ್ತಾರೆ. ನಾವೂ ಆಡಿದ್ದೇವೆ. ಸಾರಿಗೆ ಹುಣಿಸೆಹಣ್ಣು ಎಷ್ಟು ಹಾಕಬೇಕು ಅನ್ನುವುದಕ್ಕೆ ಮಾತು ಬಿಟ್ಟದ್ದೂ ಉಂಟು. ಆದರೆ ಮಾತು ಬಿಟ್ಟರೆ ಕಷ್ಟವಾಗುತ್ತಿದ್ದುದು ಅಕ್ಕನಿಗೇ. ಮಾತಾಡದೆ ಅವರಿಗೆ ಚಪಾತಿ ಹಿಟ್ಟು ಕಲೆಸಲೂ ಬರುತ್ತಿರಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಅಕ್ಕ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತರೆ ನೆನಪಿಗೆ ಬರುವುದೆಲ್ಲ ಆಸ್ಪತ್ರೆಯೇ. ಅದೂ ಅವರ ಕಾಯಿಲೆಗೆ ಹೋದ ಆಸ್ಪತ್ರೆಯಲ್ಲ, ನನ್ನ ಕಾಯಿಲೆಗೆ ಹೋದದ್ದು. ಅಲ್ಲಿ ನಾವಿಬ್ಬರೂ ನಕ್ಕಷ್ಟು ಯಾವ ಮದುವೆ ಮನೆಯಲ್ಲೂ ನಕ್ಕಿಲ್ಲ.

ನನ್ನ ಕಾಯಿಲೆಯ ಹೆಸರು ಕ್ರೋನ್ಸ್. ಕರುಳಿನಲ್ಲಿ ಊತ, ಹುಣ್ಣು. ನಮ್ಮ ದೇಹವೇ ನಮ್ಮ ಕರುಳಿನ ಮೇಲೆ ಜಗಳಕ್ಕೆ ನಿಲ್ಲುತ್ತದಂತೆ. ಮೊದಲು ಗ್ಯಾಸ್ಟ್ರಿಕ್ ಅಂದರು. ಆಮೇಲೆ ಕರುಳಿನ ಟಿಬಿ ಇರಬಹುದು ಅಂತ ತಿಂಗಳುಗಟ್ಟಲೆ ಅದರ ಮಾತ್ರೆ ನುಂಗಿದೆ. ಕೊನೆಗೆ ವಿಜಯನಗರದ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಡಾಕ್ಟರಮ್ಮ ಒಳಗೆ ಕ್ಯಾಮೆರಾ ಬಿಟ್ಟು ನೋಡಿ ಹೆಸರು ಹೇಳಿದರು. ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ನೋವು ಇಳಿಯಿತು, ಮುಖ ಉಬ್ಬಿತು.

"ಪೂರಿ ಉಬ್ಬಿದ್ರೇನೇ ಚೆನ್ನ ಕಣೇ" ಅಂತ ಅಕ್ಕ ನನ್ನ ಕೆನ್ನೆ ಒತ್ತಿ ನೋಡಿದರು. "ಆದ್ರೆ ಬಿಸಿ ಆರಿದ ಮೇಲೂ ಉಬ್ಕೊಂಡೇ ಇರೋ ಪೂರಿ ನೋಡಿದ್ದು ಇದೇ ಮೊದಲು."

ಆ ಮಾತ್ರೆಯನ್ನು ಬಹಳ ದಿನ ತಿನ್ನುವ ಹಾಗಿಲ್ಲ, ಮೂಳೆ ಹಾಳಾಗುತ್ತದೆ, ಇನ್ನು ಬಯಾಲಾಜಿಕ್ ಅನ್ನುವ ಔಷಧಿ ಶುರು ಮಾಡಬೇಕು ಅಂತ ಡಾಕ್ಟರಮ್ಮ ಹೇಳಿದ ದಿನ ನನ್ನ ಜೊತೆಗೆ ಅಕ್ಕ, ನಮ್ಮ ಮನೆಯವರು ಇಬ್ಬರೂ ಇದ್ದರು. ಡಾಕ್ಟರಮ್ಮ ಹಾಳೆಯ ಮೇಲೆ ಕರುಳಿನ ಚಿತ್ರ ಬರೆದರು. ನನ್ನ ಕಣ್ಣಿಗೆ ಅದು ಚಕ್ಕುಲಿಯ ಹಾಗೆ ಕಂಡಿತು.

"ಎರಡು ಇದಾವೆ. ಒಂದು ಡ್ರಿಪ್. ಮೊದಮೊದಲು ಹತ್ತಿರ ಹತ್ತಿರ ಹಾಕ್ತೀವಿ, ಆಮೇಲೆ ಎರಡು ತಿಂಗಳಿಗೊಂದು ಸಲ ಇಲ್ಲಿಗೆ ಬಂದು ಹಾಕಿಸ್ಕೋಬೇಕು. ಇನ್ನೊಂದು ಪೆನ್ ಥರ ಇಂಜೆಕ್ಷನ್. ಎರಡು ವಾರಕ್ಕೊಂದು ಸಲ ಮನೇಲೇ ತೊಡೆಗೆ ಚುಚ್ಚಿಕೊಳ್ಳೋದು. ಯಾವುದಾದ್ರೂ ಸರಿ, ಮೊದಲು ಟಿಬಿ, ಕಾಮಾಲೆ ಪರೀಕ್ಷೆ ಎಲ್ಲ ಆಗ್ಬೇಕು. ಶುರು ಮಾಡಿದ ಮೇಲೆ ಜ್ವರ ಬಂದ್ರೆ ಮನೇಲಿ ಕಷಾಯ ಕುಡ್ಕೊಂಡು ಕೂರ್ಬಾರ್ದು, ತಕ್ಷಣ ಫೋನ್ ಮಾಡ್ಬೇಕು."

"ಎರಡರಲ್ಲಿ ಯಾವುದು ಜಾಸ್ತಿ ಒಳ್ಳೇದು ಮೇಡಂ?" ಅಂತ ನಮ್ಮ ಮನೆಯವರು ಕೇಳಿದರು. ಅವರು ಅಣ್ಣನ ಜೊತೆ ಸಿಮೆಂಟು ಕಬ್ಬಿಣದ ಅಂಗಡಿ ನಡೆಸುತ್ತಾರೆ. ಅಲ್ಲಿಗೆ ಬರುವವರೆಲ್ಲ ಕೇಳುವುದು ಇದೇ ಪ್ರಶ್ನೆ.

"ಇವರ ಕರುಳು ಈಗಿರೋ ಸ್ಥಿತಿಗೆ ಎರಡೂ ಸರಿ. ಎರಡೂ ಮಾಡೋದು ಒಂದೇ ಕೆಲಸ. ಮೂರನೇದು ಒಂದಿದೆ, ಅದು ಕರುಳಲ್ಲಿ ಮಾತ್ರ ಕೆಲಸ ಮಾಡತ್ತೆ, ಸ್ವಲ್ಪ ನಿಧಾನ. ಅದನ್ನ ಮುಂದಕ್ಕೆ ಇಟ್ಕೊಳ್ಳೋಣ. ಈ ಎರಡರಲ್ಲಿ ನಿಮಗೆ ಯಾವುದು ಹೊಂದತ್ತೋ ಯೋಚನೆ ಮಾಡಿ ಹೇಳಿ."

"ಅಂದ್ರೆ ಓರಗಿತ್ತೀರು ಅನ್ನಿ ಡಾಕ್ಟ್ರೇ" ಅಂದರು ಅಕ್ಕ. "ಒಂದೇ ಅಡುಗೆಮನೆ, ಕೈ ಬೇರೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. "ಇದನ್ನ ನಾನು ಬೇರೆ ಪೇಷಂಟ್‌ಗೂ ಹೇಳ್ಬಹುದಾ?"

"ಹೇಳಿ ಹೇಳಿ. ಆದ್ರೆ ಯಾರು ದೊಡ್ಡೋಳು ಅಂತ ಮಾತ್ರ ಕೇಳ್ಬೇಡಿ."

ಮನೆಗೆ ಬಂದ ಮೇಲೆ ಮಾತು ಶುರುವಾಯಿತು. ಪೆನ್ನೇ ಸರಿ ಅಂತ ನಮ್ಮ ಮನೆಯವರ ವಾದ. ಒತ್ತಿದರೆ ಆಯಿತು, ಯಾರೂ ಅಂಗಡಿ ಬಿಡಬೇಕಾಗಿಲ್ಲ, ಯಾರೂ ಬಸ್ಸು ಹತ್ತಬೇಕಾಗಿಲ್ಲ. ಅತ್ತೆಗೂ ಅದೇ ಸರಿಕಂಡಿತು. ಆದರೆ ಇಂಜೆಕ್ಷನ್ನನ್ನು ಫ್ರಿಜ್ಜಿನಲ್ಲಿಡಬೇಕು ಅಂದಾಗ ಅವರಿಗೆ ಸ್ವಲ್ಪ ಇರುಸುಮುರುಸಾಯಿತು. "ಭಾನುವಾರ ಮಟನ್ ಇರ್ತದಲ್ಲವ್ವ ಅದ್ರಾಗೆ. ಔಸ್ದಿಗೆ ಮೈಲಿಗೆ ಆಗಕಿಲ್ವಾ?" ಅಂದರು.

"ಮಟನ್‌ಗೇ ಆಗ್ಬಹುದು" ಅಂದರು ಅಕ್ಕ.

ಭಾವ, ಅಂದರೆ ಅಕ್ಕನ ಗಂಡ, ಗೋಡೆಯ ಕ್ಯಾಲೆಂಡರ್ ನೋಡಿಕೊಂಡು "ಯಾವುದು ಒಳ್ಳೇದೋ ಅದು ಮಾಡ್ಕೊಳ್ಳಲಿ" ಅಂದರು. ನಮ್ಮ ಕಡೆ ಹಿರಿಯವರು ತಮ್ಮನ ಹೆಂಡತಿಯ ಜೊತೆ ಎದುರೆದುರು ಮಾತಾಡುವುದು ಕಡಿಮೆ. ಭಾವನಂತೂ ಆ ಪದ್ಧತಿಯನ್ನು ಪೂರ್ತಿ ಪಾಲಿಸುವವರು. ನಾನು ಸೌಟು ಹಿಡಿದು ಎದುರಿಗೇ ನಿಂತಿದ್ದರೂ "ಇನ್ನೊಂಚೂರು ಸಾರು ಬಿಡಲಿ" ಅಂತ ಕ್ಯಾಲೆಂಡರಿಗೆ ಹೇಳುತ್ತಿದ್ದರು. "ಕ್ಯಾಲೆಂಡರು ಯಾವತ್ತು ಸಾರು ಬಡಿಸಿತ್ತು ಕಣ್ರೀ?" ಅಂತ ಅಕ್ಕ ಕೇಳುತ್ತಿದ್ದರು. ಭಾವ ಬಾಯಿ ಬಿಟ್ಟು ನಗುವವರಲ್ಲ. ಮೀಸೆ ಸ್ವಲ್ಪ ಅಲುಗುತ್ತಿತ್ತು, ಅಷ್ಟೆ.

ಅಕ್ಕನದು ಮಾತ್ರ ಡ್ರಿಪ್ ಪಕ್ಷ. ಯಾಕೆ ಅಂತ ಕೇಳಿದರೆ "ಆಸ್ಪತ್ರೇಲಿ ಆದ್ರೆ ನೋಡೋರಿರ್ತಾರೆ" ಅನ್ನುತ್ತಿದ್ದರು. ನನ್ನನ್ನು ಯಾರಾದರೂ ಕೇಳಿದ್ದರೆ ನಾನೂ ಡ್ರಿಪ್ ಅನ್ನುತ್ತಿದ್ದೆನೇನೋ. ಮನೆಯಲ್ಲಿ ಹಗಲು ಹೊತ್ತು ಮಲಗಿದರೆ ಅತ್ತೆ ಏನೂ ಅನ್ನುವುದಿಲ್ಲ, ಆದರೆ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾರೆ. ಆಸ್ಪತ್ರೆಯಲ್ಲಾದರೆ ಮಲಗು ಅಂತ ಅಲ್ಲಿಯವರೇ ಹೇಳುತ್ತಾರೆ.

ಮಾತು ಬಗೆಹರಿಯಲಿಲ್ಲ. "ಡಾಕ್ಟ್ರೇ ಎರಡೂ ಸರಿ ಅಂದವ್ರೆ ಅಂದ್ಮೇಲೆ ಇನ್ನು ಅಮ್ಮನ್ನೇ ಕೇಳ್ಬುಡಾನ" ಅಂತ ಅತ್ತೆ ತೀರ್ಮಾನ ಮಾಡಿದರು.

ಅಮ್ಮ ಅಂದರೆ ನಮ್ಮೂರಿನ ದೇವತೆ. ಉಲ್ಲಾಳ ಈಗ ಲೇಔಟು, ಅಪಾರ್ಟ್‌ಮೆಂಟು ಅಂತ ಏನೇನೋ ಆಗಿದ್ದರೂ ಗುಡಿ ಅಲ್ಲೇ ಇದೆ. ಅಲ್ಲಿ ಹೂ ಕೇಳುವ ಪದ್ಧತಿ. ಪೂಜಾರಿ ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ನಮ್ಮ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ನಿಲ್ಲಬೇಕು. ಬಲಗಡೆ ಹೂ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ಹೆಣ್ಣು ನೋಡುವುದಕ್ಕೆ, ಸೈಟು ಕೊಳ್ಳುವುದಕ್ಕೆ, ಬೋರು ಕೊರೆಸುವುದಕ್ಕೆ, ಎಲ್ಲದಕ್ಕೂ ಅಮ್ಮನ ಹೂವೇ ನಮ್ಮ ಮನೆಗೆ ಕಟ್ಟಕಡೆಯ ಮಾತು. ಒಂದು ವಿಷಯಕ್ಕೆ ಒಂದೇ ಸಲ ಕೇಳಬೇಕು. ಮತ್ತೆ ಕೇಳಿದರೆ ಅಮ್ಮನನ್ನು ನಂಬಲಿಲ್ಲ ಅಂದ ಹಾಗೆ. ಮತ್ತೆ, ಮನೆಯ ಪರವಾಗಿ ಕೇಳಬೇಕಾದವಳು ದೊಡ್ಡ ಸೊಸೆ.

"ಮನೇಲಿ ಚುಚ್ಚಾಕೊಳ್ಳದು ಆಗ್ಬೌದಾ ಅಂತ ಕೇಳವ್ವ" ಅಂತ ಅತ್ತೆ ಗುಡಿಯ ಮೆಟ್ಟಿಲಲ್ಲಿ ಅಕ್ಕನಿಗೆ ಪಾಠ ಹೇಳಿದರು. ಅಕ್ಕ ತಲೆಯಾಡಿಸಿದರು. ಸೆರಗು ಹೊದ್ದು ಕಣ್ಣು ಮುಚ್ಚಿ ನಿಂತರು. ಪೂಜಾರಿ ಗಂಟೆ ಬಾರಿಸುತ್ತಿದ್ದರು. ನಾನು ಹೂವನ್ನೇ ನೋಡುತ್ತಿದ್ದೆ. ಬಲಗಡೆಯ ಕಣಗಿಲೆ ಮೆಲ್ಲಗೆ ಜಾರಿತು, ತಡೆಯಿತು, ಆಮೇಲೆ ಟಪ್ ಅಂತ ಬಿತ್ತು.

"ಕೊಟ್ಟಳಲ್ಲಪ್ಪ ತಾಯಿ!" ಅಂತ ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. "ಆಯ್ತು, ಮನೇಲೇ ಚುಚ್ಚಾಕ್ಕಳಿ."

ಅಕ್ಕ ಕಣ್ಣು ಬಿಟ್ಟರು. "ಇಲ್ಲ ಅತ್ತೆ. ನಾನು ಡ್ರಿಪ್ ಆಗಬಹುದಾ ತಾಯಿ ಅಂತ ಕೇಳ್ಬಿಟ್ಟೆ."

"ನಾನ್ ಹೇಳ್ದುದ್ದೇನು, ನೀನ್ ಕೇಳ್ದುದ್ದೇನು?"

"ಕಣ್ಣು ಮುಚ್ಚಿದ್ ತಕ್ಷಣ ಅದೇ ಬಂತು ಅತ್ತೆ. ಅಮ್ಮನೇ ಬಾಯಿಗೆ ಹಾಕಿದ್ಲೋ ಏನೋ."

ಅತ್ತೆ ಪೂಜಾರಿಯ ಮುಖ ನೋಡಿದರು. ಪೂಜಾರಿ ಹೂವನ್ನು ತೆಗೆದು ನನ್ನ ಕೈಗೆ ಕೊಟ್ಟು "ಬಿದ್ದಿದ್ದು ಬಿತ್ತಮ್ಮ" ಅಂದರು. ಅಲ್ಲಿಗೆ ನನ್ನ ಔಷಧಿ ಯಾವುದು ಅಂತ ಗೊತ್ತಾಯಿತು.

ದಾರಿಯಲ್ಲಿ ಅತ್ತೆ ಮುಂದೆ ಹೋದಾಗ ನಾನು ಕೇಳಿದೆ, "ಅಕ್ಕಾ, ನಿಜವಾಗ್ಲೂ ಡ್ರಿಪ್ ಅಂತಲೇ ಕೇಳಿದ್ರಾ?"

"ಹೂ ಬಿದ್ದ ಮೇಲೆ ಏನ್ ಕೇಳಿದ್ದೆ ಅಂತ ನೆನಪಾಯ್ತು ಕಣೇ" ಅಂದರು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ.

ಅಂದರೆ ಏನು ಅಂತ ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಡಾಕ್ಟರಮ್ಮನಿಗೆ ಡ್ರಿಪ್ ಅಂತ ಹೇಳಿದೆವು. ಹೇಗೆ ಆರಿಸಿದಿರಿ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಅಕ್ಕ ಹೇಳಿಯೇಬಿಡುತ್ತಿದ್ದರು.

ಮೊದಲ ಡ್ರಿಪ್ಪಿನ ದಿನ ಬೆಳಗ್ಗೆ ಹೋದವರು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಹೊಸ ಔಷಧಿ, ದೇಹ ಒಪ್ಪುತ್ತದೋ ಇಲ್ಲವೋ ಅಂತ ತೀರ ನಿಧಾನವಾಗಿ ಬಿಟ್ಟರು. ಆದ ಮೇಲೂ ಎಷ್ಟೋ ಹೊತ್ತು ಕೂರಿಸಿಕೊಂಡು ನೋಡಿದರು. ಉದ್ದನೆಯ ಕೋಣೆ, ಕಿಟಕಿ ಪಕ್ಕದ ಮಂಚ ನನ್ನದು, ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಅಕ್ಕನದು. ನಾನು ಹೆದರಿಕೊಂಡಿದ್ದೆ. ಅಕ್ಕ ತೊಟ್ಟಿಕ್ಕುವ ಔಷಧಿಯನ್ನೇ ನೋಡುತ್ತ ಕೂತು, "ಇದು ನಮ್ಮನೆ ನಲ್ಲಿಗಿಂತ ವಾಸಿ ಕಣೇ, ನಿಲ್ಲದೆ ಬರ್ತಾ ಇದೆ" ಅಂದರು. ಸಿಸ್ಟರ್ ಬಿಪಿ ನೋಡಲು ಪಟ್ಟಿ ಕಟ್ಟಿದಾಗಲೇ ಗುಡಿಯಲ್ಲಿ ಅತ್ತೆ ಕೆನ್ನೆ ಬಡಿದುಕೊಂಡದ್ದನ್ನು ಮಾಡಿ ತೋರಿಸಿದರು. ನಾನು ನಗು ತಡೆಯಲಾರದೆ ಹೋದೆ. ಬಿಪಿ ಏರಿತು. "ಆಂಟಿ, ನೀವು ಹೊರಗೆ ಕೂತ್ಕೊಳ್ಳಿ" ಅಂತ ಸಿಸ್ಟರ್ ಗದರಿದರು. ಅಕ್ಕ ಬಾಗಿಲ ತನಕ ಹೋಗಿ, ಬಾಗಿಲಿನಿಂದಲೇ ಮತ್ತೆ ಕೆನ್ನೆ ಬಡಿದುಕೊಂಡರು.

ಒಂದೆರಡು ಸಲ ಹೀಗೇ ಸಂಜೆಯಾಯಿತು. ಆಮೇಲೆ ದೇಹಕ್ಕೆ ಔಷಧಿ ಒಗ್ಗಿತು, ಬೇಗ ಬಿಡತೊಡಗಿದರು. ಊಟದ ಹೊತ್ತಿಗೆಲ್ಲ "ಆಯ್ತಮ್ಮ, ಹೊರಡಿ" ಅಂತ ಸಿಸ್ಟರ್ ಸೂಜಿ ತೆಗೆದುಬಿಟ್ಟರು. ನಾವಿಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ನಿಂತೆವು. ಕೈಯಲ್ಲಿ ಟಿಫನ್ ಡಬ್ಬಿ. ಮನೆಯಲ್ಲಿ ಸಂಜೆವರೆಗೆ ಯಾರೂ ನಮ್ಮನ್ನು ಕಾಯುತ್ತಿಲ್ಲ. ಮದುವೆಯಾದ ಮೇಲೆ ಹಾಗೆ ಯಾರೂ ಕಾಯದ ಒಂದು ಮಧ್ಯಾಹ್ನ ನಮಗೆ ಸಿಕ್ಕಿದ್ದೇ ಇಲ್ಲ.

"ಏನೇ ಮಾಡೋದು?" ಅಂದರು ಅಕ್ಕ.

"ಮನೆಗೆ ಹೋಗೋಣ."

"ಡ್ರಿಪ್ ನಿಧಾನಕ್ಕೆ ಹೋಗತ್ತಲ್ಲೇ" ಅಂದರು ಅಕ್ಕ. ನಾನು ಅವರ ಮುಖ ನೋಡಿದೆ. ಅವರು ಆಗಲೇ ಮೆಟ್ಟಿಲಿಳಿದು ಮಾರ್ಕೆಟ್ಟಿನ ಕಡೆ ಹೊರಟಿದ್ದರು.

ಅವತ್ತಿನಿಂದ ಡ್ರಿಪ್ಪಿನ ದಿನ ಅಂದರೆ ನಮ್ಮ ದಿನ. ಹಿಂದಿನ ದಿನವೇ ಅಕ್ಕ ಒಳ್ಳೆಯ ಸೀರೆಗೆ ಇಸ್ತ್ರಿ ಹಾಕಿಸುತ್ತಿದ್ದರು. "ಆಸ್ಪತ್ರೆಗೆ ಹೋಗಕ್ಕೆ ಇದ್ಯಾಕವ್ವ?" ಅಂತ ಅತ್ತೆ ಕೇಳಿದರೆ, "ದೊಡ್ಡ ಡಾಕ್ಟ್ರು ಬರ್ತಾರೆ ಅತ್ತೆ" ಅನ್ನುತ್ತಿದ್ದರು. ಡ್ರಿಪ್ ಮುಗಿಸಿ ವಿಜಯನಗರದ ತಿಂಡಿ ಬೀದಿಗೆ ಹೋಗುತ್ತಿದ್ದೆವು. ನಾನು ಕಂಡದ್ದೆಲ್ಲ ತಿನ್ನುವ ಹಾಗಿರಲಿಲ್ಲ. ನನಗೆ ಇಡ್ಲಿ, ಇಲ್ಲವೇ ಮೊಸರನ್ನ. ಅಕ್ಕ ಮಸಾಲೆ ಪೂರಿ ತರಿಸಿಕೊಂಡು ಒಂದೊಂದು ತುತ್ತಿಗೂ ನನಗೆ ವರದಿ ಒಪ್ಪಿಸುತ್ತಿದ್ದರು.

"ಈಗ ಈರುಳ್ಳಿ ಸಿಕ್ತು. ಈಗ ಬಟಾಣಿ. ಅಯ್ಯೋ, ಈಗ ಖಾರ ಹತ್ತಿತು ಕಣೇ. ನಿನ್ನ ಪಾಲಿಂದೂ ನಾನೇ ಅನುಭವಿಸ್ತಿದೀನಿ, ಪುಣ್ಯ ನಿಂಗೆ."

ಕೆಲವು ಡ್ರಿಪ್ ಆದ ಮೇಲೆ ನನ್ನ ಹೊಟ್ಟೆ ಮಾತು ಕೇಳತೊಡಗಿತು. ರಾತ್ರಿ ಏಳುವುದು ನಿಂತಿತು, ಕಳೆದುಹೋಗಿದ್ದ ತೂಕ ಬಂತು, ರವಿಕೆಗಳ ಹೊಲಿಗೆ ಬಿಚ್ಚಿಸಬೇಕಾಯಿತು. ಡಾಕ್ಟರಮ್ಮ ಸ್ವಲ್ಪ ಸ್ವಲ್ಪ ತಿಂದು ನೋಡಿ ಅಂದರು. ನಾನು ಮೊದಲ ಸಲ ಮಸಾಲೆ ದೋಸೆ ತರಿಸಿಕೊಂಡಾಗ ಅಕ್ಕ ತಮ್ಮ ತಟ್ಟೆ ಬಿಟ್ಟು ನನ್ನ ಬಾಯನ್ನೇ ನೋಡುತ್ತ ಕೂತರು. "ಈಗ ನೀನು ಹೇಳೇ" ಅಂದರು. ನಾನು "ಆಲೂಗೆಡ್ಡೆ" ಅಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ಆಗಲಿಲ್ಲ. ಅಕ್ಕನ ಕಣ್ಣಲ್ಲಿ ನೀರಿತ್ತು. ಚಟ್ನಿ ಖಾರ ಅಂದರು.

ತಿಂಡಿ ಆದ ಮೇಲೆ ಮೆಟ್ರೋ. ಮನೆಗೆ ಜ್ಞಾನಭಾರತಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ನಾವು ಇಳಿಯುತ್ತಿರಲಿಲ್ಲ. ಕೆಂಗೇರಿ ದಾಟಿ ಕೊನೆಯ ತನಕ ಹೋಗಿ ವಾಪಸು ಬರುತ್ತಿದ್ದೆವು. ಮೊದಲ ಬೋಗಿ ಹೆಂಗಸರದು, ಉಲ್ಲಾಳದ ಕಡೆ ಮುಖ ಮಾಡಿದ ಸೀಟೇ ಆಗಬೇಕು ಅಕ್ಕನಿಗೆ. ಮೇಲಿಂದ ಜನರ ತಾರಸಿ ನೋಡುವುದು ಅವರ ಹುಚ್ಚು. ಯಾರ ಮನೆಯಲ್ಲಿ ಸಂಡಿಗೆ ಹಾಕಿದ್ದಾರೆ, ಯಾರು ಮೆಣಸಿನಕಾಯಿ ಒಣಗಿಸಿದ್ದಾರೆ, ಯಾರ ಬೆಡ್‌ಶೀಟು ಹಾರಿ ಪಕ್ಕದ ಮನೆಗೆ ಬಿದ್ದಿದೆ, ಎಲ್ಲ ಬೇಕು. "ನೋಡೇ, ಆ ಹುಡುಗಿ ಓದ್ತೀನಂತ ಪುಸ್ತಕ ಹಿಡ್ಕೊಂಡು ಫೋನ್ ನೋಡ್ತಾವ್ಳೆ. ಅವಳಮ್ಮಂಗೆ ಹೇಳೋಣ ಅಂದ್ರೆ ಟ್ರೈನ್ ನಿಲ್ಲಲ್ಲ." ದೂರದಲ್ಲಿ ಒಂದು ಕಡೆ ಮನೆಗಳ ನಡುವೆ ಒಂದು ಹಳದಿ ನೀರಿನ ಟ್ಯಾಂಕು ಕಾಣುತ್ತಿತ್ತು. ಅದು ನಮ್ಮನೆಯದೇ ಅಂತ ಅಕ್ಕನ ಹಟ.

"ನಮ್ಮನೆ ಅಲ್ಲಿಂದ ಎಷ್ಟು ಒಳಗಿದೆ ಅಕ್ಕಾ. ಕಾಣೋದಾದ್ರೂ ಹೆಂಗೆ?"

"ಹಳದಿ ಟ್ಯಾಂಕು ಉಲ್ಲಾಳದಲ್ಲಿ ಇನ್ಯಾರಿಗೈತೆ? ಅತ್ತೆ ಈಗ ಅದರ ಕೆಳಗೆ ನಿಂತ್ಕೊಂಡು ಹುರುಳಿಕಾಳು ಆರಿಸ್ತಾ ಇದಾರೆ. ಕೈ ಬೀಸು." ಅಂತ ತಾವೇ ಕೈ ಬೀಸುತ್ತಿದ್ದರು. ಎದುರಿನ ಸೀಟಿನ ಹೆಂಗಸರು ತಮಗೇ ಬೀಸಿದರೇನೋ ಅಂತ ತಿರುಗಿ ಬೀಸಿದ್ದೂ ಉಂಟು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದೆವು. ಅಕ್ಕ ಬಾಗಿಲಲ್ಲೇ ಸುಸ್ತಾದವರ ಹಾಗೆ ಕೂತು, "ಡ್ರಿಪ್ ನಿಧಾನಕ್ಕೆ ಹೋಗತ್ತೆ ಅತ್ತೆ" ಅನ್ನುತ್ತಿದ್ದರು. "ಪಾಪ, ಇಡೀ ದಿನ ಕುರ್ಚಿ ಮ್ಯಾಲೆ" ಅಂತ ಅತ್ತೆ ಕಾಫಿ ತಂದುಕೊಡುತ್ತಿದ್ದರು. ಕೊಡುತ್ತಿದ್ದುದು ಮೊದಲು ಅಕ್ಕನಿಗೆ, ಆಮೇಲೆ ನನಗೆ.

ದೀಪಾವಳಿ ಆಗಿ ಹಿಟ್ಟು ಬೆಲ್ಲ ಇನ್ನೂ ಡಬ್ಬಿಯಲ್ಲಿದ್ದ ದಿನಗಳು. ಬೆಳಗ್ಗೆ ಒಗ್ಗರಣೆ ಹಾಕಲು ಸಾಸಿವೆ ಡಬ್ಬಿ ತೆಗೆದ ಅಕ್ಕ "ತಲೆ ಯಾಕೋ..." ಅಂದರು. ಅವರು ಮಾತನ್ನು ಅರ್ಧಕ್ಕೆ ಬಿಟ್ಟದ್ದು ಅದೊಂದೇ ಸಲ. ಡಬ್ಬಿ ಸಮೇತ ಕುಸಿದರು. ಆಸ್ಪತ್ರೆಯಲ್ಲಿ ಮೆದುಳಿನ ರಕ್ತಸ್ರಾವ ಅಂದರು. ಮತ್ತೆ ಕಣ್ಣು ಬಿಡಲಿಲ್ಲ. ಎಷ್ಟೋ ದಿನ ಅಡುಗೆಮನೆಯ ಮೂಲೆಗಳಲ್ಲಿ ನನಗೆ ಸಾಸಿವೆ ಸಿಗುತ್ತಿತ್ತು.

ತಿಥಿಯ ಓಡಾಟದಲ್ಲಿ ನನ್ನ ಡ್ರಿಪ್ಪಿನ ದಿನ ಬಂದು ಹೋಯಿತು. ಆಸ್ಪತ್ರೆಯಿಂದ ಫೋನ್ ಬಂದರೆ "ಮುಂದಿನ ವಾರ" ಅಂದೆ. ಮುಂದಿನ ವಾರವೂ ಹಾಗೇ ಅಂದೆ. ಹೊಟ್ಟೆ ಮತ್ತೆ ಹಿಂಡತೊಡಗಿತು. ಯಾರಿಗೂ ಹೇಳಲಿಲ್ಲ, ಆದರೆ ನಾನು ಅನ್ನ ಕಲೆಸಿ ಸುಮ್ಮನೆ ಕೂರುವುದನ್ನು ನೋಡಿ ನಮ್ಮ ಮನೆಯವರಿಗೆ ಗೊತ್ತಾಯಿತು.

"ಈಗ ಅತ್ತಿಗೆ ಇಲ್ಲ, ಜೊತೆಗೆ ಯಾರು ಬರೋರು? ಪೆನ್ನಿಗೇ ಬದಲಾಯಿಸ್ಕೊಂಬಿಡು" ಅಂದರು. ಜೊತೆಗೊಬ್ಬರು ಇಲ್ಲದೆ ಡ್ರಿಪ್ ಹಾಕುವುದಿಲ್ಲ ಅನ್ನುವುದು ಆ ಆಸ್ಪತ್ರೆಯ ನಿಯಮ.

ನನಗೂ ಪೆನ್ನೇ ಬೇಕಾಗಿತ್ತು. ಆ ಪ್ಲಾಸ್ಟಿಕ್ ಕುರ್ಚಿಯನ್ನು ಮತ್ತೆ ನೋಡುವ ಧೈರ್ಯ ಇರಲಿಲ್ಲ, ಅದೊಂದು. ಇನ್ನೊಂದು, ಬೇರೆ ಯಾರು ಜೊತೆಗೆ ಬಂದರೂ ಊಟದ ಹೊತ್ತಿಗೆ ಡ್ರಿಪ್ ಮುಗಿಯುವುದನ್ನು ನೋಡುತ್ತಾರೆ. ಆಮೇಲೆ ಸಂಜೆವರೆಗೆ ಇವರಿಬ್ಬರೂ ಎಲ್ಲಿದ್ದರು ಅನ್ನುವ ಮಾತು ಬರುತ್ತದೆ. ನನ್ನನ್ನು ಏನಾದರೂ ಅನ್ನಲಿ. ಹೋದವರ ಮೇಲೆ, ಅದೂ ತಮ್ಮ ಸಮಜಾಯಿಷಿ ಹೇಳಲು ಅವರೇ ಇಲ್ಲದಿರುವಾಗ, ಒಂದು ಮಾತು ಬರುವುದು ನನಗೆ ಬೇಡವಾಗಿತ್ತು. ಪೆನ್ನು ಹಿಡಿದರೆ ನಮ್ಮ ಗುಟ್ಟು ನಮ್ಮಲ್ಲೇ ಉಳಿಯುತ್ತದೆ.

ಅಕ್ಕ ತೀರಿಕೊಂಡದ್ದನ್ನು ಹೇಳಿ ಪೆನ್ನು ಕೇಳಿದರೆ ಡಾಕ್ಟರಮ್ಮ ಒಪ್ಪಲಿಲ್ಲ. ಬೈಯಲೂ ಇಲ್ಲ. "ಡ್ರಿಪ್ ನಿಮಗೆ ಚೆನ್ನಾಗಿ ಕೆಲಸ ಮಾಡ್ತಾ ಇತ್ತು. ಕೆಲಸ ಮಾಡ್ತಿರೋ ಔಷಧಿನ ಸುಮ್ಮನೆ ಬಿಡಬಾರದು. ಬಿಟ್ಟು ಆಮೇಲೆ ಬೇಕು ಅಂದ್ರೆ ದೇಹ ಮತ್ತೆ ಒಪ್ಪದೆ ಇರಬಹುದು. ನಿಮ್ಮ ಕಾಯಿಲೆಗೆ ಔಷಧಿಗಳಿರೋದೇ ಕೆಲವು, ಒಂದೊಂದನ್ನೂ ಉಳಿಸ್ಕೋಬೇಕು. ಬದಲಾಯಿಸೋಕೆ ನಿಮಗೆ ಬೇರೆ ಕಾರಣ ಏನಿದೆ?"

ನಾನು ಮೇಜಿನ ಮೇಲಿದ್ದ ಹಾಳೆ ನೋಡಿದೆ. ಯಾರಿಗೋ ಬರೆದ ಚಕ್ಕುಲಿ ಹಾಗೇ ಇತ್ತು.

"ತಡ ಮಾಡ್ಬೇಡಿ. ಈ ವಾರದಲ್ಲೇ ಹೇಳಿ" ಅಂದರು. ಆಮೇಲೆ ಮೆಲ್ಲಗೆ, "ಓರಗಿತ್ತೀರ ಕತೆ ನಾನು ಎಲ್ಲರಿಗೂ ಹೇಳ್ತೀನಿ" ಅಂದರು.

ಆ ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು ಮತ್ತೆ ಪೆನ್ನಿನ ಮಾತೆತ್ತಿದರು. ಇನ್ನೊಂದು ಸಲ ಹೂ ಕೇಳೋಣ ಅಂದರು. ಇನ್ನು ಮೇಲೆ ಕೇಳಬೇಕಾದವಳು ನಾನು. ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ಯಾಕ್ ಕೇಳ್ಬೇಕು? ಕೇಳಾಗದೆ. ಅವಳೇ ಕೇಳವ್ಳೆ, ಅಮ್ಮ ಕೊಟ್ಟವ್ಳೆ. ಅದನ್ನ ಮೀರದು ಬ್ಯಾಡ." ಆಮೇಲೆ, "ನಾನ್ ಹೇಳಿದ್ದನ್ನ ಒಂದಿನಾನಾದ್ರೂ ಕೇಳ್ದೋಳಾ ಅವ್ಳು" ಅಂದರು. ಸೆರಗಿನಲ್ಲಿ ಮೂಗು ಒರೆಸಿಕೊಂಡರು, ಮತ್ತೆ ಮುದ್ದೆ ಮುರಿದರು.

ಜೊತೆಗೆ ಯಾರು ಹೋಗುವುದು ಅನ್ನುವ ಪ್ರಶ್ನೆ ಉಳಿಯಿತು. ನಮ್ಮ ಮನೆಯವರಿಗೆ ಮಾರನೆಯ ದಿನ ಕಬ್ಬಿಣದ ಲೋಡು ಇಳಿಸುವುದಿತ್ತು. ಭಾವ ಕ್ಯಾಲೆಂಡರ್ ನೋಡುತ್ತಿದ್ದರು. "ನಾನು ಹೋಗ್ತೀನಿ. ಬೆಳಗ್ಗೆ ರೆಡಿ ಇರಲಿ" ಅಂದರು.

ಬೆಳಗ್ಗೆ ಹೋಗುವಾಗ ಬಸ್ಸಿನಲ್ಲಿ ಮಾತಿಲ್ಲ, ಮೆಟ್ರೋದಲ್ಲಿ ಮಾತಿಲ್ಲ. ಡ್ರಿಪ್ಪಿನ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚವೇ ಸಿಕ್ಕಿತು. ಭಾವ ಕುರ್ಚಿಯ ಹತ್ತಿರ ನಿಂತೇ ಇದ್ದರು. ಕುಳಿತುಕೊಳ್ಳಿ ಅಂತ ನಾನು ಹೇಗೆ ಹೇಳುವುದು? ಅಷ್ಟರಲ್ಲಿ ಸಿಸ್ಟರ್ ಬಂದು, "ಎಲ್ಲಿ ನಮ್ಮ ಆಂಟಿ? ಇವತ್ತು ಬಿಪಿ ನಾರ್ಮಲ್ ಬರತ್ತೆ ಬಿಡಿ" ಅಂತ ನಕ್ಕರು.

ಭಾವನೇ ಹೇಳಿದರು. "ಹೋಗ್ಬಿಟ್ರು ಸಿಸ್ಟರ್. ದೀಪಾವಳಿ ಆದ್ಮೇಲೆ. ನಾನು ಅವರ ಯಜಮಾನ."

ಸಿಸ್ಟರ್ ಪಟ್ಟಿ ಕಟ್ಟುವುದನ್ನು ಬಿಟ್ಟು ಸುಮ್ಮನೆ ನನ್ನ ಕೈ ಹಿಡಿದುಕೊಂಡರು. ಆಮೇಲೆ ಕುರ್ಚಿಯನ್ನು ಭಾವನ ಕಡೆ ಎಳೆದು, "ಕೂತ್ಕೊಳ್ಳಿ ಸಾರ್, ಅವರ ಜಾಗಾನೇ" ಅಂದರು. ಭಾವ ಕೂತರು. ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು ಕೂತರು.

ಡ್ರಿಪ್ ತೊಟ್ಟಿಕ್ಕತೊಡಗಿತು. ಊಟದ ಹೊತ್ತಾಯಿತು, ಮುಗಿಯಲಿಲ್ಲ. ನನಗೆ ಒಳಗೊಳಗೇ ಸಮಾಧಾನ. ಅಕ್ಕನೇ ಮೇಲೆ ಕೂತು ನಲ್ಲಿ ತಿರುಗಿಸಿದ್ದಾರೆ ಅನ್ನಿಸಿತು. ಅಷ್ಟರಲ್ಲಿ ಸಿಸ್ಟರ್ ಬಂದು ಬಾಟಲಿ ನೋಡಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಬೇಜಾರಾಯ್ತಾ ಸಾರ್? ಗ್ಯಾಪ್ ಆಗಿದೆಯಲ್ಲ, ಅದಕ್ಕೆ ಇವತ್ತು ತುಂಬಾ ನಿಧಾನ ಬಿಟ್ಟಿದೀವಿ. ಇಲ್ದಿದ್ರೆ ಊಟದ ಹೊತ್ತಿಗೆಲ್ಲ ಇವರಿಬ್ಬರೂ ಹಾರಿಹೋಗ್ಬಿಡ್ತಿದ್ರು."

ಸಿಸ್ಟರ್ ಹೊರಟುಹೋದರು. ಭಾವ ಡ್ರಿಪ್ಪಿನ ಕಂಬವನ್ನು ನೋಡಿದರು.

"ಊಟದ ಹೊತ್ತಿಗಾ?" ಅಂತ ಕಂಬವನ್ನೇ ಕೇಳಿದರು.

ಕಂಬ ಏನು ಹೇಳೀತು? ನನ್ನ ಕೈಗೆ ಸೂಜಿ ಚುಚ್ಚಿತ್ತು, ಎದ್ದುಹೋಗುವ ಹಾಗೂ ಇರಲಿಲ್ಲ. ಹೇಳಿದೆ. ಸೀರೆ ಇಸ್ತ್ರಿಯಿಂದ ಹಿಡಿದು ಮಸಾಲೆ ಪೂರಿ, ಮೆಟ್ರೋ, ತಾರಸಿ, ಕೈ ಬೀಸಿದ್ದು, ಎಲ್ಲ ಹೇಳಿದೆ. ಇಪ್ಪತ್ತು ವರ್ಷಗಳ ಮೇಲೆ ಒಂದೇ ಮನೆಯಲ್ಲಿದ್ದು ಭಾವನ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. "ತಪ್ಪು ಅವರದಲ್ಲ, ನಾನೇ..." ಅನ್ನಲು ಹೋದೆ.

ಭಾವ ಕೈ ಅಡ್ಡ ಹಿಡಿದರು. ಆಮೇಲೆ ಕಂಬ ಬಿಟ್ಟು ನೆಟ್ಟಗೆ ನನ್ನ ಮುಖ ನೋಡಿ ಕೇಳಿದರು. "ಚೆನ್ನಾಗಿ ನಗ್ತಿದ್ಲಾ?"

"ಸಿಸ್ಟರ್ ಹೊರಗೆ ಕಳಿಸೋ ಅಷ್ಟು ಭಾವ."

ಅವರ ಮೀಸೆ ಅಲುಗಿತು. ಮೀಸೆಯಷ್ಟೇ ಅಲ್ಲ, ಗಲ್ಲವೂ ಅಲುಗಿತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಡ್ರಿಪ್ ಮುಗಿದ ಮೇಲೂ ಕೂರಿಸಿಕೊಂಡು ನೋಡಿ ನಮ್ಮನ್ನು ಬಿಡುವಾಗ ಬಿಸಿಲು ಇಳಿಯುತ್ತಿತ್ತು. ನಿಜವಾಗಿಯೂ ತಡವಾಗಿತ್ತು. ಮೆಟ್ಟಿಲ ಮೇಲೆ ನಿಂತು ಭಾವ, "ಯಾವ ಕಡೆ ಹೋಗ್ತಿದ್ರಿ?" ಅಂದರು. ನಾನು ಮುಂದೆ ನಡೆದೆ. ತಿಂಡಿ ಬೀದಿಯಲ್ಲಿ ಅವರು ಮಸಾಲೆ ಪೂರಿ ತರಿಸಿಕೊಂಡರು. ಒಂದು ತುತ್ತು ತಿಂದು ಕೆಮ್ಮಿದರು. "ಇಷ್ಟು ಖಾರ ತಿಂತಿದ್ಲಾ? ಮನೇಲಿ ನಂಗೆ ಅಂತ ಖಾರ ಕಮ್ಮಿ ಹಾಕ್ತಿದ್ಲು." ತಟ್ಟೆ ಖಾಲಿ ಮಾಡಿಯೇ ಎದ್ದರು. ಮೂಗು ಕಣ್ಣು ಎಲ್ಲ ಸುರಿಯುತ್ತಿತ್ತು.

ಮೆಟ್ರೋದಲ್ಲಿ ಹೆಂಗಸರ ಬೋಗಿಗೆ ಹೋಗುವ ಹಾಗಿರಲಿಲ್ಲ. ಎರಡನೆಯದನ್ನು ಹತ್ತಿದೆವು. ಉಲ್ಲಾಳದ ಕಡೆ ಮುಖ ಮಾಡಿದ ಸೀಟೇ ಸಿಕ್ಕಿತು. ಜ್ಞಾನಭಾರತಿ ಬಂತು. ನಾನು ಏಳಲಿಲ್ಲ, ಅವರೂ ಏಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನಾನು ಬೆರಳು ತೋರಿಸಿದೆ.

"ಆ ಹಳದಿ ಟ್ಯಾಂಕು ಭಾವ. ಅದು ನಮ್ಮನೇದು ಅಂತಿದ್ರು."

ಆ ಟ್ಯಾಂಕನ್ನು ತಾರಸಿಗೆ ಏರಿಸಿದವರು ಭಾವನೇ. ನಮ್ಮ ಮನೆ ಎಲ್ಲಿದೆ, ಅಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಅವರಿಗೆ ಗೊತ್ತು. ಬಗ್ಗಿ ನೋಡಿದರು. ಅದು ಮರೆಯಾಗುವ ತನಕ ನೋಡಿದರು.

"ಹೂಂ. ನಮ್ಮದೇ" ಅಂದರು.

ಮನೆ ಸೇರಿದಾಗ ಅತ್ತೆ ದೀಪ ಹಚ್ಚಿ ಬಾಗಿಲಲ್ಲೇ ಕಾಯುತ್ತಿದ್ದರು. "ಯಾಕ್ಲಾ ಮಗ ಇಷ್ಟೊತ್ತು?"

ಭಾವ ಚಪ್ಪಲಿ ಬಿಟ್ಟು, ಅಕ್ಕ ಕೂರುತ್ತಿದ್ದ ಕಡೆಯೇ ಉಸ್ಸೆಂದು ಕೂತರು.

"ಡ್ರಿಪ್ ನಿಧಾನಕ್ಕೆ ಹೋಗತ್ತಮ್ಮ" ಅಂದರು. ಆಮೇಲೆ ಕ್ಯಾಲೆಂಡರಿನ ಕಡೆ ತಿರುಗಿ, "ಮುಂದಿನ ಸಲಾನೂ ನಾನೇ ಹೋಗ್ತೀನಿ" ಅಂದರು.

ಅತ್ತೆ ಕಾಫಿ ತಂದು ಮೊದಲು ಅವರಿಗೆ ಕೊಟ್ಟರು, ಆಮೇಲೆ ನನಗೆ.